ಹಗಲಿಗೆ ಬಣ್ಣ, ರಾತ್ರಿಗೆ ಟೇಪ್: ಕಣ್ಣಿಗೆ ಬೀಳುವ ಹೆಲ್ಮೆಟ್ ಆರಿಸಿಕೊಂಡ ಬಗೆ

ನಾನು ಬಳಸುವುದು ಹೊಳಪಿನ ಬಿಳಿ ಹೆಲ್ಮೆಟ್. ಹಿಂಬದಿಗೂ ಎರಡು ಪಕ್ಕಗಳಿಗೂ ಫ್ಲೋರೊಸೆಂಟ್ ಹಳದಿ-ಹಸಿರು ವಿನೈಲ್ ತುಂಡುಗಳನ್ನು ಅಂಟಿಸಿದ್ದೇನೆ. ಅವುಗಳ ಕೆಳಗೆ ಬೆಳ್ಳಿ ಬಣ್ಣದ ರಿಫ್ಲೆಕ್ಟಿವ್ ಟೇಪ್ ಇದೆ. ಈ ಮೂರಕ್ಕೂ ಬೇರೆ ಬೇರೆ ಕೆಲಸ. ಒಂದು ಮಾಡುವುದನ್ನು ಇನ್ನೊಂದು ಮಾಡುವುದಿಲ್ಲ. ಹೆಲ್ಮೆಟ್ ಬಣ್ಣದ ಚರ್ಚೆ ದಾರಿ ತಪ್ಪುವುದು ಹೆಚ್ಚಾಗಿ ಇಲ್ಲೇ: ಹಗಲಿನ ಲೆಕ್ಕವನ್ನೂ ರಾತ್ರಿಯ ಲೆಕ್ಕವನ್ನೂ ಒಂದೇ ಬಣ್ಣದಿಂದ ತೀರಿಸಲು ಹೊರಡುತ್ತೇವೆ.

ಮೊದಲು ಹಗಲು. ಅಡ್ಡರಸ್ತೆಯಿಂದ ಬರುವ ಕಾರಿನವರು ನಮ್ಮ ಕಡೆ ನೋಡುವುದು ಕ್ಷಣಮಾತ್ರ, ಅದೂ ಎಷ್ಟೋ ಸಲ ಕಣ್ಣಂಚಿನಲ್ಲಿ. ಕಣ್ಣಂಚಿಗೆ ಬಣ್ಣ ಗುರುತಿಸುವ ಶಕ್ತಿ ಕಡಿಮೆ, ಬೆಳಕು-ಕತ್ತಲೆಯ ವ್ಯತ್ಯಾಸ ಮತ್ತು ಚಲನೆ ಬೇಗ ತಿಳಿಯುತ್ತದೆ. ಹಾಗಾಗಿ ‘ಯಾವ ಬಣ್ಣ’ ಎನ್ನುವುದಕ್ಕಿಂತ ಮೊದಲು ‘ಹಿನ್ನೆಲೆಗಿಂತ ಎಷ್ಟು ತಿಳಿ’ ಎಂದು ಕೇಳಿಕೊಳ್ಳಬೇಕು. ಡಾಂಬರು, ಮರದ ನೆರಳು, ಮುಂದಿನ ವಾಹನಗಳ ಹಿಂಭಾಗ ಇವೆಲ್ಲ ಹೆಚ್ಚಾಗಿ ಕಪ್ಪು-ಬೂದು. ಅವುಗಳ ಎದುರು ಬಿಳಿ ಎದ್ದು ಕಾಣುತ್ತದೆ, ಮ್ಯಾಟ್ ಕಪ್ಪು ಕರಗಿಹೋಗುತ್ತದೆ.

ಹಗಲು ಬೆಳಕಿನಲ್ಲಿ ನಮ್ಮ ಕಣ್ಣು ಅತಿ ಚುರುಕಾಗಿರುವುದು ಸುಮಾರು 555 ನ್ಯಾನೊಮೀಟರ್ ತರಂಗಾಂತರಕ್ಕೆ, ಅಂದರೆ ಹಳದಿ-ಹಸಿರಿಗೆ. ಬೆಳಕು ತಗ್ಗಿದಂತೆ ಈ ಶಿಖರ 507ರ ಸುಮಾರಿಗೆ, ನೀಲಿ-ಹಸಿರಿನ ಕಡೆಗೆ ಸರಿಯುತ್ತದೆ. ಕೆಂಪು ಹೆಲ್ಮೆಟ್ ಮಧ್ಯಾಹ್ನ ಢಾಳಾಗಿದ್ದು ಮುಸ್ಸಂಜೆಗೆ ಹೆಚ್ಚುಕಡಿಮೆ ಕಪ್ಪಾಗುವುದು ಇದರಿಂದಲೇ. ವರ್ಣಾಂಧತೆಯ ಒಂದು ಬಗೆಯುಳ್ಳವರಿಗಂತೂ ಹಾಡುಹಗಲಲ್ಲೂ ಕೆಂಪು ಮಂಕು. ಕೆಂಪು ಎಂದರೆ ಎಚ್ಚರಿಕೆಯ ಬಣ್ಣ ಎಂಬ ನಂಬಿಕೆಯಿಂದ ಅದನ್ನು ಆರಿಸುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ಫ್ಲೋರೊಸೆಂಟ್ ಬಣ್ಣದ ಶಕ್ತಿ ಬೇರೆಯದು. ಅದು ಅತಿನೇರಳೆ ಮತ್ತು ನೀಲಿ ಬೆಳಕನ್ನು ಹೀರಿ, ಹಳದಿ-ಹಸಿರಾಗಿಯೋ ಕಿತ್ತಳೆಯಾಗಿಯೋ ಹೊರಬಿಡುತ್ತದೆ. ಮೋಡ ಕವಿದ ದಿನ, ಸೂರ್ಯೋದಯದ ಆಸುಪಾಸಿನಲ್ಲಿ ಅದು ಸುತ್ತಲಿನ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ. ಆದರೆ ರಾತ್ರಿ ಹೆಡ್‌ಲೈಟಿನಲ್ಲಿ ಅತಿನೇರಳೆ ಅಂಶ ಇಲ್ಲವೆನ್ನುವಷ್ಟು ಕಡಿಮೆ, ಆಗ ಅದು ಬರೀ ಹಳದಿ ಬಣ್ಣ. ಹಳೆಯ ಬಗೆಯ ಸೋಡಿಯಂ ಬೀದಿದೀಪದ ಕೆಳಗೆ ಅದೂ ಉಳಿಯುವುದಿಲ್ಲ. ಇನ್ನೊಂದು ತೊಂದರೆ, ಬಿಸಿಲೇ ಅದರ ಶತ್ರು. ಹೊಳಪು ಕೊಡುವ ಅತಿನೇರಳೆಯೇ ವರ್ಣದ್ರವ್ಯವನ್ನು ಒಡೆಯುತ್ತದೆ. ದಿನವೂ ಬಿಸಿಲಲ್ಲಿ ನಿಲ್ಲುವ ಹೆಲ್ಮೆಟ್ಟಿನ ನೆತ್ತಿ ಮೊದಲು ಪೇಲವವಾಗುತ್ತದೆ, ಕೊರಳಿನ ಬದಿ ಹೊಸದರಂತೆಯೇ ಇರುತ್ತದೆ. ಪೂರ್ತಿ ಫ್ಲೋರೊಸೆಂಟ್ ಹೆಲ್ಮೆಟ್ ಬೇಡವೆಂದು ಬಿಳಿಯ ಮೇಲೆ ತುಂಡು ಅಂಟಿಸಿಕೊಳ್ಳುವುದು ಅದಕ್ಕಾಗಿ. ಮಾಸಿದರೆ ಆ ತುಂಡನ್ನು ಮಾತ್ರ ಬದಲಿಸಿದರಾಯಿತು. ಎಲೆ ಹಸಿರು ದಟ್ಟವಾಗಿರುವ ರಸ್ತೆಯಲ್ಲೇ ಹೆಚ್ಚು ಓಡಾಡುವವರಿಗೆ ಹಳದಿ-ಹಸಿರಿಗಿಂತ ಫ್ಲೋರೊಸೆಂಟ್ ಕಿತ್ತಳೆ ಮೇಲು.

ಚಿತ್ತಾರಗಳ ವಿಷಯದಲ್ಲಿ ನನ್ನದು ಖಡಾಖಂಡಿತ ಅಭಿಪ್ರಾಯ. ಬೆಂಕಿಜ್ವಾಲೆ, ಗೆರೆ, ಮೂರು-ನಾಲ್ಕು ಬಣ್ಣಗಳ ಗ್ರಾಫಿಕ್ಸ್ ಹತ್ತಿರದಿಂದ ಚೆಂದ. ದೂರದಿಂದ ಅವು ತಲೆಯ ದುಂಡನೆಯ ಆಕಾರವನ್ನೇ ಒಡೆದುಹಾಕುತ್ತವೆ. ಅಲ್ಲೊಬ್ಬ ಮನುಷ್ಯ ಇದ್ದಾನೆ ಎಂದು ನೋಡುವವರಿಗೆ ಹೊಳೆಯಬೇಕಾದರೆ ಆ ದುಂಡು ಇಡಿಯಾಗಿ ಕಾಣಬೇಕು.

ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದ ಸವಾರರ ಮೇಲೆ ನಡೆದ, 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ಹೆಲ್ಮೆಟ್ಟಿಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ ಧರಿಸಿದವರಲ್ಲಿ ಅಪಘಾತದಲ್ಲಿ ಗಾಯಗೊಳ್ಳುವ ಅಪಾಯ ಶೇ. 24ರಷ್ಟು ಕಡಿಮೆ ಕಂಡುಬಂತು. ರಿಫ್ಲೆಕ್ಟಿವ್ ಅಥವಾ ಫ್ಲೋರೊಸೆಂಟ್ ಉಡುಪು ತೊಟ್ಟವರಲ್ಲಿ ಶೇ. 37ರಷ್ಟು ಕಡಿಮೆ. ತಿಳಿ ಬಣ್ಣ ಆರಿಸುವವರು ಮೊದಲೇ ಜಾಗರೂಕರಾಗಿರಬಹುದು, ಆದ್ದರಿಂದ ಇಷ್ಟೂ ಫಲ ಬಣ್ಣದ್ದೇ ಎನ್ನಲಾಗದು. ಆದರೆ ಒಂದಂತೂ ನಿಜ: ಎದುರಿನಿಂದ ನೋಡುವವರಿಗೆ ಹೆಲ್ಮೆಟ್ಟಿಗಿಂತ ಜಾಕೆಟ್ಟಿನ ವಿಸ್ತಾರ ದೊಡ್ಡದು. ಹೆಲ್ಮೆಟ್ ಗೆಲ್ಲುವುದು ದಟ್ಟ ಸಂಚಾರದಲ್ಲಿ, ಕಾರುಗಳ ಸಾಲಿನ ಮೇಲೆ ತಲೆ ಮಾತ್ರ ಕಾಣುವಾಗ.

ಇನ್ನು ರಾತ್ರಿ. ರಿಫ್ಲೆಕ್ಟಿವ್ ಟೇಪ್ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸಿ ಕಳಿಸುತ್ತದೆ, ಹಾಗಾಗಿ ಹೆಡ್‌ಲೈಟಿನ ಹಿಂದೆ ಕೂತವರಿಗೆ ಮಾತ್ರ ಅದು ಉರಿಯುತ್ತದೆ. ಬೆಳ್ಳಿ ಅಥವಾ ಬಿಳಿ ಟೇಪ್ ಅತಿ ಹೆಚ್ಚು ಬೆಳಕು ಮರಳಿಸುತ್ತದೆ. ಕೆಂಪು, ನೀಲಿ ಟೇಪುಗಳದ್ದು ಅದಕ್ಕಿಂತ ಬಹಳ ಕಡಿಮೆ. ಬಟ್ಟೆಯಲ್ಲಿರುವಂಥ, ಗಾಜಿನ ಮಣಿಗಳು ತೆರೆದಿರುವ ಟೇಪ್ ಮಳೆಯಲ್ಲಿ ಸಪ್ಪೆಯಾಗುತ್ತದೆ, ನೀರಿನ ಪದರ ಮಣಿಗಳ ಕೆಲಸ ಕೆಡಿಸುತ್ತದೆ. ಮೇಲೆ ಪಾರದರ್ಶಕ ಪದರವಿದ್ದು ಬಾಗುವಂಥದ್ದನ್ನು ತೆಗೆದುಕೊಳ್ಳಿ. ಗಡುಸಾದ ಪ್ರಿಸ್ಮ್ ಟೇಪ್ ಹೆಚ್ಚು ಪ್ರಖರ ನಿಜ, ಆದರೆ ದುಂಡು ಮೇಲ್ಮೈಯಲ್ಲಿ ಅಂಚು ಎದ್ದುಬರುತ್ತದೆ.

ಕಾರುಗಳ ಲೋ ಬೀಮ್ ರಸ್ತೆಯ ಕಡೆ ಬಾಗಿರುತ್ತದೆ, ತಲೆಯ ಎತ್ತರಕ್ಕೆ ಬೆಳಕು ಕಡಿಮೆ. ಅದಕ್ಕೇ ಟೇಪನ್ನು ನೆತ್ತಿಗಲ್ಲ, ಹೆಲ್ಮೆಟ್ಟಿನ ಕೆಳಭಾಗಕ್ಕೆ ಹಾಕುತ್ತೇನೆ. ಹಿಂಬದಿಯದು ಮುಖ್ಯ, ಆಮೇಲೆ ಎರಡು ಪಕ್ಕ. ಓರೆಯಾಗಿ ಬಿದ್ದ ಬೆಳಕನ್ನು ಟೇಪ್ ಚೆನ್ನಾಗಿ ಮರಳಿಸದ ಕಾರಣ ಹಿಂದಿನ ಒಂದೇ ತುಂಡು ಅಡ್ಡರಸ್ತೆಯವರಿಗೆ ಸಾಲದು. ಫ್ರಾನ್ಸಿನಲ್ಲಿ ಹೆಲ್ಮೆಟ್ಟಿನ ಮುಂದೆ, ಹಿಂದೆ, ಎಡ, ಬಲ ನಾಲ್ಕೂ ಕಡೆ ಇಂಥ ಸ್ಟಿಕರ್ ಇರಬೇಕೆಂಬ ನಿಯಮವಿದೆ, ಜಾಗದ ಆಯ್ಕೆಗೆ ಅದು ಒಳ್ಳೆಯ ಮಾದರಿ.

ಅಂಟಿಸುವ ಮುನ್ನ ಹೆಲ್ಮೆಟ್ಟಿನ ಚಿಪ್ಪು ಯಾವುದರದ್ದು ಎಂದು ನೋಡಿ. ಪಾಲಿಕಾರ್ಬೊನೇಟ್ ಚಿಪ್ಪಿಗೆ ಬಣ್ಣ, ತಿನ್ನರ್, ಪೆಟ್ರೋಲ್, ಕೆಲವು ಅಂಟುಗಳು ತಾಗಿದರೆ ಕಣ್ಣಿಗೆ ಕಾಣದ ಬಿರುಕು ಮೂಡಿ ಬಲ ಕುಗ್ಗಬಹುದು. ಒಳಗಿನ ಲೇಬಲ್ಲಿನಲ್ಲಿ ಸ್ಟಿಕರ್ ಬೇಡ ಎಂದಿದ್ದರೆ ಅಂಟಿಸಲೇಬೇಡಿ. ಅಂಥ ಹೆಲ್ಮೆಟ್ ಇರುವವರು ತಯಾರಕರೇ ಟೇಪ್ ಹಾಕಿಕೊಟ್ಟ ಮಾದರಿ ಕೊಳ್ಳುವುದು ಕ್ಷೇಮ. ಫೈಬರ್‌ಗ್ಲಾಸ್ ಚಿಪ್ಪು ಹೆಚ್ಚು ತಾಳಿಕೊಳ್ಳುತ್ತದೆ. ಹಾಗಿದ್ದರೂ ಸ್ಪ್ರೇ ಪೇಂಟ್ ಹೊಡೆಯುವ ಯೋಚನೆ ಯಾವ ಹೆಲ್ಮೆಟ್ಟಿಗೂ ಬೇಡ.

ಸೌಮ್ಯ ಸೋಪಿನ ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ. ಟೇಪನ್ನು 2 ಸೆಂ.ಮೀ. ಅಗಲ, 5–6 ಸೆಂ.ಮೀ. ಉದ್ದದ ತುಂಡುಗಳಾಗಿ ಕತ್ತರಿಸಿ ಮೂಲೆಗಳನ್ನು ದುಂಡಾಗಿಸಿ. ಚೂಪು ಮೂಲೆಯಿಂದಲೇ ಕಿತ್ತುಬರಲು ಶುರುವಾಗುವುದು. ಉದ್ದ ಪಟ್ಟಿ ವಕ್ರದಲ್ಲಿ ಸುಕ್ಕಾಗುತ್ತದೆ. ನಡುವಿನಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತಿ. ವೈಸರ್ ತಿರುಗುವ ಜಾಗ, ಗಾಳಿಯ ಕಿಂಡಿ, ಪ್ರಮಾಣೀಕರಣದ ಗುರುತು ಇವುಗಳ ಮೇಲೆ ಹಾಯಬಾರದು. ಅಂಟು ಪೂರ್ಣ ಹಿಡಿತಕ್ಕೆ ಬರಲು ಮೂರು ದಿನ ಬೇಕು, ಅಲ್ಲಿಯವರೆಗೆ ತೊಳೆಯಬೇಡಿ.

ಪರೀಕ್ಷೆ ಸುಲಭ. ಸಂಜೆ ಹೊತ್ತು ಮುಳುಗಿದ ಕೂಡಲೇ ಹೆಲ್ಮೆಟ್ಟನ್ನು ಬೈಕಿನ ಮೇಲಿಟ್ಟು 50 ಮೀಟರ್ ದೂರದಿಂದ ಫೋಟೊ ತೆಗೆದು ಕಪ್ಪು-ಬಿಳುಪಿಗೆ ಬದಲಿಸಿ. ಹಿನ್ನೆಲೆಯಲ್ಲಿ ಕರಗಿದರೆ ಆ ಬಣ್ಣ ಸಾಲದು. ಫೋನಿನ ನೈಟ್ ಮೋಡ್ ಆಫ್ ಮಾಡಿರಬೇಕು, ಇಲ್ಲದಿದ್ದರೆ ಅದೇ ಬೆಳಕು ತುಂಬಿಬಿಡುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು, ಸುತ್ತ ನಡೆಯುತ್ತ ನೋಡಿ. ಕೈ ಚಾಚಿ ಹಿಡಿದರೆ ಟೇಪ್ ಮಂಕಾಗಿಯೇ ಕಾಣುತ್ತದೆ.

ಹಿಂದೆ ಯಾರನ್ನಾದರೂ ಕೂರಿಸಿಕೊಂಡಾಗ ಹಿಂದಿನ ವಾಹನದವರಿಗೆ ನಿಮ್ಮ ಹೆಲ್ಮೆಟ್ ಕಾಣುವುದೇ ಇಲ್ಲ, ಕಾಣುವುದು ಅವರದ್ದು. ಮನೆಯಲ್ಲಿ ಎರಡನೆಯ ಹೆಲ್ಮೆಟ್ ಹಳೆಯ ಕಪ್ಪು ಬಣ್ಣದ್ದಾಗಿದ್ದರೆ ಮೊದಲು ಬದಲಿಸಬೇಕಾದದ್ದು ಅದನ್ನೇ.