ಮೊದಲು ನಕಲು, ಆಮೇಲೆ ರಿಪೇರಿ: ನನ್ನ ಹಳೆಯ 486ರ ಅನುಭವ

ನನ್ನ ಹತ್ತಿರ ಒಂದು 486 ಇದೆ, ಅಂದರೆ 486 ಅನ್ನುವ ಪ್ರೊಸೆಸರ್ ಇರುವ ಹಳೆಯ ಕಂಪ್ಯೂಟರ್. ಡಿಎಕ್ಸ್2, 66 ಮೆಗಾಹರ್ಟ್ಸ್, 8 ಎಂಬಿ ರ‍್ಯಾಮ್, 210 ಎಂಬಿ ಚಿಲ್ಲರೆಯ ಹಾರ್ಡ್ ಡಿಸ್ಕ್. ನಾನು ಪ್ರೋಗ್ರಾಂ ಬರೆಯಲು ಕಲಿತದ್ದು ಇದರ ಮೇಲೆಯೇ. ಟರ್ಬೊ ಪ್ಯಾಸ್ಕಲ್‌ನಲ್ಲಿ ಬರೆದ ಮೊದಲ ಸಾಲುಗಳಿಂದ ಹಿಡಿದು ಎಲ್ಲವೂ ಆ ಡಿಸ್ಕ್‌ನಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಹನ್ನೆರಡು ವರ್ಷ ಅಟ್ಟದ ಮೇಲೆ ಇಟ್ಟಿದ್ದೆ. ಧೂಳು ಬೀಳದ ಹಾಗೆ ಸುತ್ತಿ, ನೀರು ತಾಗದ ಜಾಗದಲ್ಲೇ ಇಟ್ಟಿದ್ದೆ. ಓಡಿಸದಿದ್ದರೆ ಸವೆಯುವುದಿಲ್ಲ, ಇದ್ದ ಹಾಗೇ ಇರುತ್ತದೆ ಅಂತ ಪೂರ್ತಿ ನಂಬಿದ್ದೆ.

ಆ ನಂಬಿಕೆ ತಪ್ಪು. ಹಳೆಯ ಕಂಪ್ಯೂಟರ್ ಸುಮ್ನೆ ಕೂತರೂ ಹಾಳಾಗುತ್ತದೆ. ಬ್ಯಾಟರಿ ಸೋರುತ್ತದೆ, ರಬ್ಬರ್ ಕರಗಿ ಅಂಟಾಗುತ್ತದೆ, ಗ್ರೀಸ್ ಗಟ್ಟಿಯಾಗುತ್ತದೆ, ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಭಾಗ) ಒಳಗಿನ ದ್ರವ ಒಣಗುತ್ತದೆ ಇಲ್ಲವೇ ಹೊರಗೆ ಬರುತ್ತದೆ. ನಾವು ಮುಟ್ಟಿಲ್ಲ ಅನ್ನುವುದು ಇದಕ್ಕೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

ಕೆಳಗಿಳಿಸಿದ ದಿನ ಸ್ವಿಚ್ ಹಾಕಿ ನೋಡಬೇಕು ಅಂತ ಕೈ ತುಡಿಯುತ್ತಿತ್ತು. ಹಾಕಲಿಲ್ಲ. ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದೇ. ಮುಚ್ಚಳ ತೆಗೆದಾಗ ಕೀಬೋರ್ಡ್ ಸಾಕೆಟ್ ಪಕ್ಕದಲ್ಲಿ ಹಸಿರು ಮಿಶ್ರಿತ ನೀಲಿ ಪುಡಿ ಕಾಣಿಸಿತು. ಮದರ್‌ಬೋರ್ಡ್ ಮೇಲೆ ಡ್ರಮ್ ಆಕಾರದ 3.6 ವೋಲ್ಟ್ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿ ಇರುತ್ತದಲ್ವಾ, ಗಡಿಯಾರ ಮತ್ತು ಸೆಟಪ್ ನೆನಪಿಟ್ಟುಕೊಳ್ಳಲು, ಅದು ಸೋರಿತ್ತು. ಈ ಬ್ಯಾಟರಿಯ ದ್ರವ ಕ್ಷಾರ. ತಾಮ್ರದ ಗೆರೆಗಳನ್ನು ಮೆಲ್ಲಗೆ ತಿನ್ನುತ್ತಾ ಹೋಗುತ್ತದೆ, ಮೇಲಿನ ಹಸಿರು ಲೇಪದ ಅಡಿಯಲ್ಲೂ ಹರಡುತ್ತದೆ.

ಬ್ಯಾಟರಿಯನ್ನು ಕತ್ತರಿಸಿ ತೆಗೆದೆ. ಕ್ಷಾರವನ್ನು ತಟಸ್ಥ ಮಾಡಲು ಆಮ್ಲ ಬೇಕು, ಅದಕ್ಕೆ ಬಿಳಿ ವಿನೆಗರ್ ಸಾಕು. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದೆ, ನೀರಿನಲ್ಲಿ ತೊಳೆದೆ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ತೊಳೆದು ಎರಡು ದಿನ ಒಣಗಲು ಬಿಟ್ಟೆ. ಆಮೇಲೆ ಮಲ್ಟಿಮೀಟರ್‌ನ ಬೀಪ್ ಇಟ್ಟುಕೊಂಡು ಒಂದೊಂದೇ ಗೆರೆ ಪರೀಕ್ಷೆ ಮಾಡಿದೆ. ಮೂರು ಗೆರೆ ತುಂಡಾಗಿದ್ದವು. ಮೂರೂ ಕೀಬೋರ್ಡ್ ಕಂಟ್ರೋಲರ್ ಚಿಪ್‌ಗೆ ಹೋಗುವಂಥವು. ಬ್ಯಾಟರಿ ಸೋರಿದ ಬೋರ್ಡ್‌ಗಳಲ್ಲಿ ಮೊದಲು ಕೀಬೋರ್ಡೇ ಸಾಯುವುದು ಯಾಕೆ ಅಂತ ಆಗ ಅರ್ಥವಾಯಿತು, ಎರಡೂ ಅಕ್ಕಪಕ್ಕದಲ್ಲೇ ಇರುತ್ತವೆ. ಕೂದಲಿನಷ್ಟು ತೆಳುವಾದ ಎನಾಮೆಲ್ ತಂತಿ ತಂದು, ಭೂತಗನ್ನಡಿ ಕೆಳಗೆ ಬೆಸುಗೆ ಹಾಕಿದೆ. ಇಡೀ ಭಾನುವಾರ ಬೇಕಾಯಿತು.

ಹೊಸ ಬ್ಯಾಟರಿ ಹಾಕುವಾಗಲೂ ಎಚ್ಚರ ಬೇಕು. ಹಳೆಯದು ಚಾರ್ಜ್ ಆಗುವ ಬ್ಯಾಟರಿ, ಬೋರ್ಡ್ ಅದನ್ನು ಚಾರ್ಜ್ ಮಾಡುತ್ತಿರುತ್ತದೆ. ಅದೇ ಜಾಗಕ್ಕೆ ಚಾರ್ಜ್ ಆಗದ ಸೆಲ್ ಹಾಕಿದರೆ ಅದಕ್ಕೂ ಕರೆಂಟ್ ನುಗ್ಗುತ್ತದೆ. ನಾನು ಮೂರು ಪೆನ್ಸಿಲ್ ಸೆಲ್‌ಗಳನ್ನು ಹೋಲ್ಡರ್‌ಗೆ ಹಾಕಿ, ನಡುವೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಕೊಟ್ಟು, ಉದ್ದದ ತಂತಿಯಲ್ಲಿ ಬೋರ್ಡ್‌ನಿಂದ ದೂರ ಇಟ್ಟಿದ್ದೇನೆ. 4.5 ವೋಲ್ಟ್‌ನಲ್ಲಿ ಡಯೋಡ್ ಸುಮಾರು 0.6 ತಿನ್ನುತ್ತದೆ, ಉಳಿದದ್ದು ಗಡಿಯಾರಕ್ಕೆ ಸಾಕು. ಇನ್ನು ಮುಂದೆ ಸೋರಿದರೂ ಕ್ಯಾಬಿನೆಟ್‌ನ ಮೂಲೆಯಲ್ಲಿ ಸೋರುತ್ತದೆ.

ಪವರ್ ಸಪ್ಲೈ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗಿನ ಫಿಲ್ಟರ್ ಕೆಪಾಸಿಟರ್ ಮೇಲೆ ಬಿರುಕು ಬಿಟ್ಟಿತ್ತು, ಇಂಥವು ಸ್ವಿಚ್ ಹಾಕಿದ ಕೆಲವೇ ನಿಮಿಷದಲ್ಲಿ ಹೊಗೆ ಬಿಡುತ್ತವೆ, ಹಾಗಾಗಿ ಎಕ್ಸ್2 ವರ್ಗದ (ಮನೆಯ ಕರೆಂಟ್ ಲೈನ್‌ಗೆ ನೇರ ಹಾಕಬಹುದಾದ) ಹೊಸದೊಂದನ್ನು ಹಾಕಿದೆ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಆಸುಪಾಸು ಉಳಿದಿರಬಹುದು, ಗೊತ್ತಿಲ್ಲದವರು ದಯವಿಟ್ಟು ಆ ಡಬ್ಬ ತೆರೆಯಬೇಡಿ. ಬೋರ್ಡ್‌ಗೆ ಜೋಡಿಸುವ ಮೊದಲು ಲೋಡ್ ಕೊಟ್ಟು ಅಳೆಯಿರಿ, 5 ವೋಲ್ಟ್ ಲೈನ್ 4.75ರಿಂದ 5.25ರ ಒಳಗಿರಬೇಕು. ಪಿ8, ಪಿ9 ಅಂತ ಎರಡು ಕನೆಕ್ಟರ್ ಬರುತ್ತವೆ. ಅವುಗಳನ್ನು ಅದಲು ಬದಲು ಹಾಕಿದರೆ ಬೋರ್ಡ್ ಹೋಯಿತು ಅಂತಲೇ ಲೆಕ್ಕ. ಕಪ್ಪು ತಂತಿಗಳು ಮಧ್ಯದಲ್ಲಿ ಅಕ್ಕಪಕ್ಕ ಬರಬೇಕು, ಇಷ್ಟು ನೆನಪಿಟ್ಟರೆ ಸಾಕು.

ಇನ್ನು ಹಾರ್ಡ್ ಡಿಸ್ಕ್. ನನ್ನ ನಿದ್ದೆ ಕೆಡಿಸಿದ್ದು ಇದೇ.

ಬ್ಯಾಟರಿ ಸತ್ತದ್ದರಿಂದ ಸೆಟಪ್ ಎಲ್ಲ ಅಳಿಸಿಹೋಗಿತ್ತು. ದಿನಾಂಕ 1980ರ ಜನವರಿ 1 ತೋರಿಸುತ್ತಿತ್ತು. ನನ್ನ ಬಯಾಸ್‌ಗೆ (ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಚಿಪ್‌ನಲ್ಲಿರುವ ಪ್ರೋಗ್ರಾಂ) ಡಿಸ್ಕ್ ಅನ್ನು ತಾನಾಗಿ ಗುರುತಿಸಲು ಬರುವುದಿಲ್ಲ, ಸಿಲಿಂಡರ್ (ಡಿಸ್ಕ್ ಮೇಲಿನ ವೃತ್ತಾಕಾರದ ಹಾದಿ), ಹೆಡ್ (ಓದುವ ಮೊನೆ), ಸೆಕ್ಟರ್ (ಹಾದಿಯ ಒಂದು ತುಂಡು) ಎಷ್ಟೆಷ್ಟು ಅಂತ ಕೈಯಾರೆ ತುಂಬಬೇಕು. ಡಿಸ್ಕ್ ಮೇಲಿನ ಚೀಟಿಯಲ್ಲಿ 989, 12, 35 ಅಂತ ಇತ್ತು. ಗುಣಿಸಿದರೆ 4,15,380 ಸೆಕ್ಟರ್, ಒಂದೊಂದರಲ್ಲಿ 512 ಬೈಟ್. ಚೀಟಿಯ ಅಂಟು ಬಿಡುತ್ತಿತ್ತು, ಅಕ್ಷರ ಮಾಸಿತ್ತು. ನಿಮ್ಮ ಹತ್ತಿರ ಹಳೆಯ ಡಿಸ್ಕ್ ಇದ್ದರೆ ಇವತ್ತೇ ಆ ಚೀಟಿಯ ಫೋಟೊ ತೆಗೆದಿಡಿ.

ಸಂಖ್ಯೆ ಸರಿಯಾಗಿ ಕೊಟ್ಟೆ, ಆದರೂ ಡಿಸ್ಕ್ ಬರಲಿಲ್ಲ. ಮೋಟರ್ ತಿರುಗುತ್ತಿತ್ತು, ಆ ಸಣ್ಣ ಶಿಳ್ಳೆಯಂಥ ಸದ್ದು ಏರಿ ಒಂದು ಮಟ್ಟಕ್ಕೆ ನಿಲ್ಲುತ್ತಿತ್ತು, ಆದರೆ ಅದಾದ ಮೇಲೆ ಹೆಡ್ ಓಡಾಡುವ ಟಕಟಕ ಸದ್ದು ಬರಬೇಕಲ್ವಾ, ಅದೇ ಇರಲಿಲ್ಲ. ಕೇಬಲ್ ಬದಲಾಯಿಸಿದೆ, ಜಂಪರ್ ಬದಲಾಯಿಸಿದೆ, ಕಂಟ್ರೋಲರ್ ಕಾರ್ಡ್‌ನ ಅಂಚನ್ನು ರಬ್ಬರ್‌ನಿಂದ ಉಜ್ಜಿ ಸ್ವಚ್ಛ ಮಾಡಿದೆ, ಬೇರೆ ಕಾರ್ಡ್ ಹುಡುಕಿ ಹಾಕಿದೆ. ಒಂದು ವಾರ ಹೀಗೇ ಕಳೆಯಿತು. ಈ ಹವ್ಯಾಸದಲ್ಲಿ ಬೇಸರ ತರಿಸುವುದು ಇದೇ. ಕೆಟ್ಟಿರುವುದು ಒಂದೇ ಆಗಿದ್ದರೆ ಬೇಗ ಸಿಗುತ್ತದೆ. ಮೂವತ್ತು ವರ್ಷದ ಯಂತ್ರದಲ್ಲಿ ಪ್ರತಿಯೊಂದರ ಮೇಲೂ ಅನುಮಾನ ಇರುತ್ತದೆ, ಪರೀಕ್ಷೆ ಮಾಡಲು ತಂದ ಬದಲಿ ಭಾಗಕ್ಕೂ ಅಷ್ಟೇ ವಯಸ್ಸಾಗಿರುತ್ತದೆ.

ಕೊನೆಗೆ ಸದ್ದಿನ ಮೇಲೇ ಗಮನ ಇಟ್ಟೆ. ತಿರುಗುತ್ತದೆ, ಆದರೆ ಹೆಡ್ ಅಲುಗುವುದಿಲ್ಲ. ಅಂದರೆ ಹೆಡ್ ಹೊತ್ತ ತೋಳು ಎಲ್ಲೋ ಹಿಡಿದುಕೊಂಡಿದೆ. ಆ ಕಾಲದ ಕೆಲವು ಡಿಸ್ಕ್‌ಗಳಲ್ಲಿ ತೋಳು ಹೋಗಿ ತಾಗಿ ನಿಲ್ಲಲು ಒಂದು ಪುಟ್ಟ ರಬ್ಬರ್ ತುಂಡು ಇರುತ್ತದೆ. ವರ್ಷಗಳು ಕಳೆದಂತೆ ಅದು ಡಾಂಬರಿನ ಹಾಗೆ ಆಗಿ ತೋಳನ್ನು ಹಿಡಿದುಬಿಡುತ್ತದೆ.

ಹಾರ್ಡ್ ಡಿಸ್ಕ್ ತೆರೆಯಬಾರದು, ಗೊತ್ತು. ಒಂದು ಧೂಳಿನ ಕಣ ಸಾಕು ಹೆಡ್ ಹಾಳು ಮಾಡಲು. ಆದರೆ ತೆರೆಯದಿದ್ದರೆ ನನ್ನ ಫೈಲ್‌ಗಳು ಹೇಗೂ ಸಿಗುವುದಿಲ್ಲ. ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಧೂಳು ಕೆಳಗೆ ಕೂರಲಿ ಅಂತ ಒಂದು ಗಂಟೆ ಆ ಕೋಣೆಗೆ ಯಾರೂ ಹೋಗದ ಹಾಗೆ ನೋಡಿಕೊಂಡೆ. ನಕ್ಷತ್ರದ ಆಕಾರದ ಸ್ಕ್ರೂಗಳು, ಒಂದು ಚೀಟಿಯ ಅಡಿಯಲ್ಲಿ ಅಡಗಿತ್ತು. ತೆರೆದಾಗ ಊಹೆ ಸರಿ ಇತ್ತು. ರಬ್ಬರ್ ಕರ‍್ರಗೆ ಹೊಳೆಯುತ್ತಿತ್ತು. ಹೆಡ್ ಇರುವ ತುದಿಯನ್ನು ಮುಟ್ಟದೆ, ಹಿಂದಿನ ಕಾಯಿಲ್ ಕಡೆಯಿಂದ ಪ್ಲಾಸ್ಟಿಕ್ ಕಡ್ಡಿಯಲ್ಲಿ ಕೂದಲೆಳೆಯಷ್ಟೇ ಅಲುಗಿಸಿದೆ. ಅದಕ್ಕಿಂತ ಜಾಸ್ತಿ ತಳ್ಳಿದರೆ ನಿಂತ ಪ್ಲ್ಯಾಟರ್ (ಒಳಗಿನ ತಟ್ಟೆ) ಮೇಲೆ ಹೆಡ್ ಉಜ್ಜುತ್ತದೆ. ಬಿಟ್ಟುಕೊಂಡಿತು. ರಬ್ಬರ್ ಮೇಲೆ ಕ್ಯಾಪ್ಟಾನ್ ಟೇಪ್‌ನ (ಬಿಸಿ ತಾಳುವ ತೆಳು ಪ್ಲಾಸ್ಟಿಕ್ ಟೇಪ್) ಸಣ್ಣ ಚೂರು ಅಂಟಿಸಿ ಮುಚ್ಚಿದೆ. ಐದು ನಿಮಿಷ ಆಗಿರಬಹುದು, ಕೈ ಪೂರ್ತಿ ಬೆವರಿತ್ತು.

ಸ್ವಿಚ್ ಹಾಕಿದೆ. ಶಿಳ್ಳೆ ಏರಿತು, ನಿಂತಿತು, ಆಮೇಲೆ ಟಕ್, ಟಕಟಕ, ಟಕ್. ಆ ಸದ್ದು ಕೇಳಿ ನನಗಾದ ಸಂತೋಷವನ್ನು ಬರೆದು ತಿಳಿಸುವುದು ಕಷ್ಟ.

ಆಗ 486ರಲ್ಲೇ ಬೂಟ್ ಮಾಡಿ ಹಳೆಯ ಫೋಲ್ಡರ್‌ಗಳನ್ನು ನೋಡುತ್ತಾ ಕೂರಬಹುದಿತ್ತು. ತುಂಬಾ ಆಸೆಯೂ ಆಯಿತು. ಆದರೆ ಒಮ್ಮೆ ತೆರೆದ ಡಿಸ್ಕ್‌ಗೆ ಎಷ್ಟು ಗಂಟೆ ಆಯಸ್ಸು ಅಂತ ಯಾರಿಗೂ ಗೊತ್ತಿಲ್ಲ. ಕೂಡಲೇ ಆರಿಸಿ ನಕಲು ಮಾಡಲು ಒಯ್ದೆ. ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿದರೆ ಏನೂ ಕಾಣಲಿಲ್ಲ. ಇಂಥ ಅಡಾಪ್ಟರ್‌ಗಳಲ್ಲಿ ಹಲವು ಸೆಕ್ಟರ್‌ಗಳನ್ನು ಒಂದೇ ಸಾಲಾಗಿ ಎಣಿಸುವ ಎಲ್‌ಬಿಎ ಲೆಕ್ಕವನ್ನು ಮಾತ್ರ ಬಲ್ಲವು, ಅಷ್ಟು ಹಳೆಯ ಡಿಸ್ಕ್‌ಗಳ ಸಿಲಿಂಡರ್, ಹೆಡ್ ಲೆಕ್ಕ ಅವಕ್ಕೆ ಬರುವುದಿಲ್ಲ. ಅಡಾಪ್ಟರ್‌ನಲ್ಲಿ ಕಾಣಲಿಲ್ಲ ಅಂತ ಡಿಸ್ಕ್ ಸತ್ತಿದೆ ಅಂದುಕೊಂಡು ಬಿಸಾಡಬೇಡಿ. ನಿಜವಾದ ಐಡಿಇ ಪೋರ್ಟ್ (ಆ ಕಾಲದ ಡಿಸ್ಕ್ ಜೋಡಿಸುವ ಕನೆಕ್ಟರ್) ಇರುವ ಇನ್ನೊಂದು ಹಳೆಯ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿ, ಗ್ನೂ ಡಿಡಿರೆಸ್ಕ್ಯೂ ಅನ್ನುವ ನಕಲು ಪ್ರೋಗ್ರಾಂ ಓಡಿಸಿದೆ. ಇದು ಓದಲು ಬಾರದ ಜಾಗದಲ್ಲಿ ಹಟ ಹಿಡಿಯದೆ ಮುಂದಕ್ಕೆ ಹೋಗುತ್ತದೆ, ಚೆನ್ನಾಗಿರುವುದನ್ನೆಲ್ಲ ಮೊದಲು ತೆಗೆದುಕೊಳ್ಳುತ್ತದೆ, ಬಿಟ್ಟದ್ದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಗುರುತು ಹಾಕಿಕೊಂಡು ಆಮೇಲೆ ಮತ್ತೆ ಪ್ರಯತ್ನಿಸುತ್ತದೆ. ಮಾಮೂಲಿ ಕಾಪಿ ಕಮಾಂಡ್ ಕೊಟ್ಟರೆ ಮೊದಲ ಕೆಟ್ಟ ಸೆಕ್ಟರ್‌ನಲ್ಲೇ ಡಿಸ್ಕ್ ಒದ್ದಾಡಿ ಪ್ರಾಣ ಬಿಡಬಹುದು.

ಮೊದಲ ಸುತ್ತು ಅರ್ಧ ಗಂಟೆಯಲ್ಲಿ ಮುಗಿಯಿತು, 214 ಸೆಕ್ಟರ್ ಉಳಿದವು. ತಣ್ಣಗಾಗಲು ಬಿಟ್ಟು ರಾತ್ರಿಯೆಲ್ಲ ಮತ್ತೆ ಓಡಿಸಿದೆ, 61ಕ್ಕೆ ಇಳಿಯಿತು. ಆ 61ರಲ್ಲಿ ಒಂದು ಆಟದ ಫೈಲ್ ಹೋಯಿತು, ನನ್ನ ಎರಡು ಪ್ಯಾಸ್ಕಲ್ ಪ್ರೋಗ್ರಾಂಗಳು ಅರ್ಧಂಬರ್ಧ ಆದವು. ಉಳಿದದ್ದೆಲ್ಲ ಬಂತು. ಮೂರು ದಿನ ಬಿಟ್ಟು ಸುಮ್ನೆ ನೋಡೋಣ ಅಂತ ಡಿಸ್ಕ್ ಹಾಕಿದರೆ ಹೆಡ್ ಒಂದೇ ಸಮನೆ ಬಡಿಯತೊಡಗಿತು. ಆಮೇಲೆ ಅದು ಮತ್ತೆ ಓದಲೇ ಇಲ್ಲ.

ಅದರ ಜಾಗಕ್ಕೆ ಕಾಂಪ್ಯಾಕ್ಟ್ ಫ್ಲ್ಯಾಶ್ ಮೆಮೊರಿ ಕಾರ್ಡ್ ಹಾಕಿದೆ. ಕಾರ್ಡ್ ಮಾತಾಡುವುದೂ ಐಡಿಇ ಭಾಷೆಯನ್ನೇ, ಅಡಾಪ್ಟರ್ ಬರೀ ಪಿನ್‌ಗಳನ್ನು ಸೇರಿಸುತ್ತದೆ ಅಷ್ಟೇ. ಹಳೆಯ ಬಯಾಸ್‌ಗೆ 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ವರೆಗೆ ಮಾತ್ರ ಲೆಕ್ಕ ಬರುತ್ತದೆ, ಅಂದರೆ ಸುಮಾರು 528 ಎಂಬಿ. ಅದಕ್ಕೇ 512 ಎಂಬಿ ಕಾರ್ಡ್ ಆರಿಸಿದೆ. ಹಳೆಯ ಡಿಸ್ಕ್‌ನ ಇಮೇಜನ್ನು, ಅಂದರೆ ಆ ಪೂರ್ತಿ ನಕಲನ್ನು, ಇದ್ದ ಹಾಗೇ ಕಾರ್ಡ್‌ಗೆ ಬರೆದೆ. ಬೂಟ್ ಆಗಲಿಲ್ಲ. ಕರ್ಸರ್ ಮಿನುಗುತ್ತಾ ನಿಂತಿತು. ಎರಡು ರಾತ್ರಿ ಇದರಲ್ಲೇ ಹೋಯಿತು. ಕಾರಣ ಸಿಕ್ಕ ಮೇಲೆ ಸರಳ ಅನಿಸಿತು. ಡಾಸ್ ಪಾರ್ಟಿಶನ್‌ನ (ಡಿಸ್ಕ್‌ನಲ್ಲಿ ಡಾಸ್ ಇರುವ ಭಾಗ) ಮೊದಲ ಸೆಕ್ಟರ್ ಆದ ಬೂಟ್ ಸೆಕ್ಟರ್‌ನಲ್ಲಿ ಹೆಡ್ ಮತ್ತು ಸೆಕ್ಟರ್ ಸಂಖ್ಯೆ ಬರೆದಿರುತ್ತದೆ. ಹಳೆಯದರಲ್ಲಿ 12 ಮತ್ತು 35, ಕಾರ್ಡ್‌ನಲ್ಲಿ 16 ಮತ್ತು 63. ಇಮೇಜ್ ಜೊತೆಗೆ ಹಳೆಯ ಲೆಕ್ಕವೂ ಬಂದುಬಿಟ್ಟಿತ್ತು, ಹಾಗಾಗಿ ತಪ್ಪು ಜಾಗದಲ್ಲಿ ಹುಡುಕುತ್ತಿತ್ತು. ಕಾರ್ಡ್ ಅನ್ನು 486ಕ್ಕೇ ಹಾಕಿ, ಅಲ್ಲೇ ಎಫ್‌ಡಿಸ್ಕ್‌ನಲ್ಲಿ ಪಾರ್ಟಿಶನ್ ಮಾಡಿ, ಅಲ್ಲೇ ಫಾರ್ಮ್ಯಾಟ್ ಮಾಡಿ ಸಿಸ್ಟಂ ಫೈಲ್ ಹಾಕಿ, ಆಮೇಲೆ ಇಮೇಜ್ ಒಳಗಿನ ಫೈಲ್‌ಗಳನ್ನಷ್ಟೇ ಕಾಪಿ ಮಾಡಿದೆ. ಒಂದೇ ಸಲಕ್ಕೆ ಎದ್ದಿತು.

ಫ್ಲಾಪಿ ಡ್ರೈವ್‌ಗೆ ಹಳಿಗಳ ಮೇಲಿನ ಗಟ್ಟಿ ಗ್ರೀಸ್ ಒರೆಸಿ ಹೊಸದು ಹಚ್ಚಿದ್ದು, ಹೆಡ್ ಆಲ್ಕೋಹಾಲ್‌ನಲ್ಲಿ ಒರೆಸಿದ್ದು, ಅಷ್ಟರಲ್ಲೇ ಸರಿಹೋಯಿತು.

ಕಾರ್ಡ್ ಹಾಕಿದರೆ ಹಳೆಯ ಯಂತ್ರದ ಜೀವವೇ ಹೋಯಿತು ಅನ್ನುವವರು ಇದ್ದಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆ ಟಕಟಕ ಇಲ್ಲದೆ 486 ಮೂಕವಾದ ಹಾಗೆ ಅನಿಸುತ್ತದೆ, ನನಗೂ ಬೇಸರ ಇದೆ. ಆದರೂ ನಾನು ಈಗ ಕಾರ್ಡನ್ನೇ ಇಟ್ಟುಕೊಂಡಿದ್ದೇನೆ. ಸತ್ತ ಡಿಸ್ಕ್ ಅನ್ನು ಆಂಟಿ ಸ್ಟ್ಯಾಟಿಕ್ ಚೀಲದಲ್ಲಿ ಹಾಕಿ ಕ್ಯಾಬಿನೆಟ್ ಒಳಗೇ ಕಟ್ಟಿದ್ದೇನೆ, ಅದರ ಜಾಗ ಅದಕ್ಕೇ ಇರಲಿ ಅಂತ.

ಈ ವಾರ ಮೇಜಿನ ಮೇಲೆ ಅದಕ್ಕೂ ಹಳೆಯ ಒಂದು ಎಕ್ಸ್‌ಟಿ (ಎಂಬತ್ತರ ದಶಕದ ಪಿಸಿ) ಇದೆ. ಎಂಎಫ್ಎಂ ಅನ್ನುವ, ಐಡಿಇಗಿಂತ ಹಳೆಯ ಬಗೆಯ 20 ಎಂಬಿ ಡಿಸ್ಕ್, 615 ಸಿಲಿಂಡರ್, 4 ಹೆಡ್, 17 ಸೆಕ್ಟರ್. ಇದರದ್ದು ಬೇರೆ ಕಾಯಿಲೆ. ಹೆಡ್‌ಗಳೇ ಪ್ಲ್ಯಾಟರ್‌ಗೆ ಅಂಟಿಕೊಂಡಿದ್ದವು, ಮೋಟರ್ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಕರೆಂಟ್ ಕೊಟ್ಟು, ಡಿಸ್ಕ್ ಅನ್ನು ಚಪ್ಪಟೆಯಾಗಿ ಹಿಡಿದು ಮಣಿಕಟ್ಟಿನಿಂದ ಫಕ್ಕನೆ ಅರ್ಧ ಸುತ್ತು ತಿರುಗಿಸಿದೆ. ಮೂರನೇ ಸಲಕ್ಕೆ ಬಿಟ್ಟುಕೊಂಡಿತು. ಇದರಲ್ಲಿ ಹೆಡ್ ಓಡಿಸುವುದು ಹಂತ ಹಂತವಾಗಿ ತಿರುಗುವ ಸ್ಟೆಪ್ಪರ್ ಮೋಟರ್, ಬಿಸಿ ತಣ್ಣಗೆ ಸ್ವಲ್ಪ ಏರುಪೇರಾದರೂ ಹೆಡ್ ಗೆರೆ ತಪ್ಪುತ್ತದೆ, ಅದಕ್ಕೆ ಅರ್ಧ ಗಂಟೆ ಸುಮ್ನೆ ತಿರುಗಲು ಬಿಟ್ಟು ಆಮೇಲೆ ಓದಲು ಶುರು ಮಾಡಿದೆ. ಈ ಡಿಸ್ಕ್ ಅನ್ನು ಐಡಿಇಗೆ ಹಾಕಲು ಬರುವುದಿಲ್ಲ, ಅದರದ್ದೇ ಕಂಟ್ರೋಲರ್ ಕಾರ್ಡ್ ಬೇಕು. ಹಾಗಾಗಿ ಫೈಲ್‌ಗಳನ್ನು ಕರ್ಮಿಟ್ ಅನ್ನುವ ಫೈಲ್ ಕಳಿಸುವ ಪ್ರೋಗ್ರಾಂನಲ್ಲಿ ಸೀರಿಯಲ್ ಕೇಬಲ್ ಮೇಲೆ ತರುತ್ತಿದ್ದೇನೆ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್) 20 ಎಂಬಿ ಅಂದರೆ ಆರು ಗಂಟೆಗೂ ಜಾಸ್ತಿ. ಒಮ್ಮೆ ಆರಿಸಿದರೆ ಮತ್ತೆ ತಿರುಗುತ್ತದೋ ಇಲ್ಲವೋ ಅನ್ನುವ ಭಯಕ್ಕೆ ನಿನ್ನೆ ಸಂಜೆಯಿಂದ ಆರಿಸಿಲ್ಲ. ಇನ್ನೂ ಎರಡು ಫೋಲ್ಡರ್ ಬರಬೇಕು, ಪಕ್ಕದಲ್ಲೇ ಕೂತಿದ್ದೇನೆ.