ಬಿಸಿಲಲ್ಲಿ ಕಿಡ್ನಿ ಒತ್ತಡ ಕಾಯ್ದುಕೊಳ್ಳೋದು ಹೇಗೆ? ಚಿತ್ರ ಬರೆದು ನೋಡಿ

ಏಪ್ರಿಲ್‌ನಲ್ಲಿ ಇಂಡಿ ಕಡೆ ನಿಂಬೆ ತೋಟದಲ್ಲಿ ಕೆಲಸ ಮಾಡುವವರಿಗೆ ಬೆವರು ಸುರಿಯುತ್ತಲೇ ಇರುತ್ತದೆ. ಕುಡಿದ ನೀರು ಕಮ್ಮಿ. ಆದರೂ ಕಿಡ್ನಿ ರಕ್ತ ಸೋಸುವುದನ್ನು ನಿಲ್ಲಿಸುವುದಿಲ್ಲ. ಅದು ಹೇಗೆ ಅಂತ ತಿಳಿಯಲು ಒಂದು ಹಾಳೆ, ಪೆನ್ಸಿಲ್ ತಗೊಳ್ಳಿ.

ಮೊದಲು ಸಣ್ಣ ಉಂಡೆ ಬರೆದು, ಒಳಗೆ ಸಿಕ್ಕುಸಿಕ್ಕಾಗಿ ಗೀಚಿ. ಇದು ಗ್ಲೊಮೆರುಲಸ್, ಸೋಸುವ ಜಾಗ. ಒಂದೊಂದು ಕಿಡ್ನಿಯಲ್ಲಿ ಇಂಥವು ಸುಮಾರು 10 ಲಕ್ಷ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ. ಮೂತ್ರವಾಗಿ ಹೋಗೋದು ಒಂದೂವರೆ ಲೀಟರ್ ಆಸುಪಾಸು, ಮಿಕ್ಕಿದ್ದೆಲ್ಲ ವಾಪಸ್ ರಕ್ತಕ್ಕೆ.

ಈಗ ಉಂಡೆಯ ಎಡಕ್ಕೆ ರಕ್ತ ಒಳಬರುವ ಸಣ್ಣ ನಾಳ, ಬಲಕ್ಕೆ ಹೊರಹೋಗುವ ನಾಳ ಎಳೆಯಿರಿ. ಎರಡನ್ನೂ ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಡ್ರಿಪ್ ಪೈಪಿನ ಎರಡೂ ತುದಿಗೆ ವಾಲ್ವ್ ಇದ್ದಂತೆ ಅಂದುಕೊಳ್ಳಿ. ಮೊದಲಿನ ವಾಲ್ವ್ ಬಿಗಿದರೆ ನಡುವಿನ ಒತ್ತಡ ಇಳಿಯುತ್ತದೆ, ಕೊನೆಯದು ಬಿಗಿದರೆ ಏರುತ್ತದೆ. ಸೋಸಲು ಬೇಕಾದ್ದೇ ಆ ಒತ್ತಡ.

ಎಡನಾಳದ ಗೋಡೆಯಲ್ಲಿ, ಉಂಡೆಗೆ ತಾಗುವಲ್ಲಿ, ನಾಲ್ಕು ಚುಕ್ಕೆ ಇಡಿ. ಒತ್ತಡ ಇಳಿದರೆ ರೆನಿನ್ ಎಂಬ ಕಿಣ್ವ ಬಿಡುವ ಕೋಶಗಳಿವು. 1898ರಲ್ಲಿ ಸ್ವೀಡನ್ನಿನಲ್ಲಿ ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಮೊಲದ ಕಿಡ್ನಿಯ ರಸ ತೆಗೆದು ಮೊಲಗಳಿಗೇ ಚುಚ್ಚಿದರು. ಬಿಪಿ ಏರಿತು. ರೆನಿನ್ ಸಿಕ್ಕಿದ್ದು ಹೀಗೆ. ಆದರೆ ರೆನಿನ್ ತಾನಾಗಿ ಯಾವ ನಾಳವನ್ನೂ ಬಿಗಿಯುವುದಿಲ್ಲ. ಲಿವರ್ ಮಾಡಿ ಕಳಿಸಿದ ಒಂದು ಪ್ರೋಟೀನನ್ನು ಅದು ಕತ್ತರಿಸುತ್ತದೆ. ಆ ತುಂಡು ಹೆಚ್ಚಾಗಿ ಶ್ವಾಸಕೋಶದಲ್ಲಿ ಇನ್ನೊಮ್ಮೆ ಕತ್ತರಿಸಿಕೊಂಡು ಆಂಜಿಯೊಟೆನ್ಸಿನ್-2 ಆಗುತ್ತದೆ. ಕಿಡ್ನಿಯ ಎರಡು ನಾಳಗಳಲ್ಲಿ ಅದು ಬಲದ್ದನ್ನೇ ಜಾಸ್ತಿ ಬಿಗಿಯುತ್ತದೆ. ಜೊತೆಗೆ ಆಲ್ಡೊಸ್ಟೆರೋನ್ ಎಂಬ ಹಾರ್ಮೋನ್ ಬಿಡಿಸಿ ಉಪ್ಪು, ನೀರು ಉಳಿಸುತ್ತದೆ.

ಎಡನಾಳ ಮುಚ್ಚಿಕೊಳ್ಳದಂತೆ ನೋಡಿಕೊಳ್ಳೋದು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಅದನ್ನು ಕಿಡ್ನಿ ಅಲ್ಲೇ ತಯಾರಿಸಿಕೊಳ್ಳುತ್ತದೆ.

ಕೊನೆಗೆ ಗುಳಿಗೆಗಳು. ಎಡನಾಳದ ಮೇಲೆ ನೋವಿನ ಗುಳಿಗೆಗಳಾದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಅಂತ ಬರೆಯಿರಿ. ಇವು ಪ್ರೊಸ್ಟಗ್ಲಾಂಡಿನ್ ತಯಾರಾಗದಂತೆ ತಡೆಯುತ್ತವೆ, ನಾಳ ಬಿಗಿಯಾಗುತ್ತದೆ. ಬಲನಾಳದ ಮೇಲೆ ಬಿಪಿ ಗುಳಿಗೆಗಳಾದ ಟೆಲ್ಮಿಸಾರ್ಟನ್, ರಾಮಿಪ್ರಿಲ್. ಇವು ಆಂಜಿಯೊಟೆನ್ಸಿನ್-2ಕ್ಕೆ ಅಡ್ಡ ಬಂದು ಆ ನಾಳವನ್ನು ಸಡಿಲ ಮಾಡುತ್ತವೆ. ಅದು ಕೆಟ್ಟದ್ದೇನಲ್ಲ, ಸಕ್ಕರೆ ಕಾಯಿಲೆಯವರ ಕಿಡ್ನಿ ಕಾಪಾಡೋಕೆ ಡಾಕ್ಟರು ಇವನ್ನೇ ಕೊಡುತ್ತಾರೆ. ತೊಂದರೆ ಆಗೋದು ಬೆವರಿ ಬೆಂಡಾದ ದಿನ, ವಾಂತಿಭೇದಿ ಹತ್ತಿದ ದಿನ. ಒಳಬರುವ ರಕ್ತ ಕಮ್ಮಿ, ಹೊರದಾರಿ ಸಡಿಲ. ಉಂಡೆಯೊಳಗೆ ಒತ್ತಡವೇ ಉಳಿಯುವುದಿಲ್ಲ, ಅಲ್ವಾ? ಮೂತ್ರ ಜಾಸ್ತಿ ಮಾಡಿಸುವ ಗುಳಿಗೆಯೂ ಜೊತೆಗಿದ್ದರೆ ಇನ್ನೂ ಕಷ್ಟ.

ಮೆಡಿಕಲ್ ಅಂಗಡಿಗೆ ಹೋಗಿ ಸುಮ್ನೆ "ಸೊಂಟ ನೋವಿಗೊಂದು ಗುಳಿಗೆ ಕೊಡ್ರಿ" ಅನ್ನಬೇಡಿ. ಬಿಪಿ ಗುಳಿಗೆ ನಡೆದಿದೆ ಅಂತ ಮೊದಲು ಹೇಳಿ, ಚೀಟಿ ತೋರಿಸಿ. ಭೇದಿ ನಿಲ್ಲದಿದ್ದರೆ ಬಿಪಿ ಗುಳಿಗೆಯನ್ನು ನೀವಾಗಿ ಬಿಡಬೇಡಿ. ಒಂದೆರಡು ದಿನ ನಿಲ್ಲಿಸಬೇಕಾ ಅಂತ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಕೇಳಿ.