ಅಷ್ಟೂರಿನ ಗುಮ್ಮಟಗಳಿಗೆ ತಿರುಗುವ ಲೆನ್ಸು

ಬೀದರ್ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಮಾಮೂಲಿ ಕ್ಯಾಮೆರಾಕ್ಕೆ ಹತ್ತಿರದಿಂದ ಒಂದೋ ಎರಡೋ ಸಿಗುತ್ತವೆ. ಹೊಲ ದಾಟಿ ಹಿಂದೆ ಸರಿದರೆ ಎಲ್ಲವೂ ಬರುತ್ತವೆ, ಆದರೆ ತೀರಾ ಸಣ್ಣವಾಗಿ. ಕೊಡಕ್ ನಂ. 1 ಪ್ಯಾನೊರಾಮ್ ಮೇಲೆ ನನಗೆ ಆಸೆ ಹುಟ್ಟಿದ್ದೇ ಈ ಸಾಲಿನಿಂದ.

1900ರಲ್ಲಿ ಬಂದ ಕ್ಯಾಮೆರಾ ಇದು. ಕಪ್ಪು ಚರ್ಮ ಸುತ್ತಿದ ಮರದ ಪೆಟ್ಟಿಗೆ, ಫೋಕಸ್ ಮಾಡುವ ಕೆಲಸವೇ ಇಲ್ಲ. ಒಳಗೆ ಫಿಲ್ಮು ಕಮಾನಿನಂತೆ ಬಾಗಿ ಕೂರುತ್ತದೆ. ಸ್ಪ್ರಿಂಗ್ ಬಿಟ್ಟರೆ ಲೆನ್ಸು ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುತ್ತದೆ. ಅದರ ಹಿಂದಿನ ಸಣ್ಣ ಸೀಳು ಫಿಲ್ಮಿನ ಮೇಲೆ ಚಿತ್ರವನ್ನು ಬಳಿಯುತ್ತಾ ಹೋಗುತ್ತದೆ. 112 ಡಿಗ್ರಿಯ ನೋಟ, ಏಳು ಇಂಚು ಉದ್ದದ ನೆಗೆಟಿವ್. ಇದರ ಅಣ್ಣ ನಂ. 4, 1899ರದ್ದು, ಅದು 142 ಡಿಗ್ರಿ ನೋಡುತ್ತದೆ. ಆದರೆ ಅದಕ್ಕೆ ಬೇಕಾದ ಅಗಲದ ಫಿಲ್ಮು ಈಗ ಅಂಗಡಿಯಲ್ಲಿ ಎಲ್ಲಿ ಸಿಗಬೇಕು? ನಂ. 1ಕ್ಕೆ ಇಂದೂ ಸಿಗುವ 120 ಎಂಬ ರೋಲ್ ಫಿಲ್ಮಿನ ಅಗಲ ಸರಿಹೋಗುತ್ತದೆ. ನಾನು ಇದನ್ನೇ ಹುಡುಕಿದ್ದು ಅದಕ್ಕೇ. ಕಪಾಟಿನಲ್ಲಿಟ್ಟು ನೋಡಲು ಚೆಂದದ ಕ್ಯಾಮೆರಾಗಳು ಬೇಕಾದಷ್ಟಿವೆ. ನೂರು ವರ್ಷ ದಾಟಿಯೂ ಫೋಟೋ ತೆಗೆಯುವುದು ನನಗೆ ಬೇಕಿತ್ತು.

ಫಿಲ್ಮು ಸುತ್ತಿರುವ ಹಳೇ ಸ್ಪೂಲಿನ ತುದಿ ಬಿಲ್ಲೆ ದೊಡ್ಡದು. 120ರ ಸ್ಪೂಲು ಅಲ್ಲಾಡದಂತೆ ಎರಡೂ ಕಡೆ ಬಿಲ್ಲೆ ಕೊಟ್ಟೆ. ಎಷ್ಟನೇ ಫೋಟೋ ಎಂದು ನೋಡುವ ಹಿಂಬದಿಯ ಕೆಂಪು ಕಿಟಕಿಗೆ ಕಪ್ಪು ಟೇಪು ಹಚ್ಚಿದೆ. ಆಗಿನ ಫಿಲ್ಮಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ, ಇಂದಿನದಕ್ಕೆ ತಾಗುತ್ತದೆ. ಹಾಗಾಗಿ ಗುಂಡಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿಯೇ ಫಿಲ್ಮು ಮುಂದೆ ಸರಿಸುತ್ತೇನೆ. ಒಂದು ರೋಲಿಗೆ ನಾಲ್ಕು ಫೋಟೋ, ಅಷ್ಟೇ.

ಆಮೇಲೆ ಲೆನ್ಸು ತಿರುಗುವಾಗ ಬೆಳಕು ಒಳಗೆ ಬಾರದಂತೆ ತಡೆಯುವ, ಅದರ ಹಿಂದಿನ ಮೆತ್ತನೆ ಚರ್ಮ. ಕೊಳ್ಳುವವರು ಮೊದಲು ನೋಡಬೇಕಾದ್ದು ಇದನ್ನೇ. ಕತ್ತಲೆ ಕೋಣೆಯಲ್ಲಿ ಪೆಟ್ಟಿಗೆಯೊಳಗೆ ಟಾರ್ಚು ಇಟ್ಟು, ಲೆನ್ಸನ್ನು ಕೈಯಿಂದ ಮೆಲ್ಲಗೆ ಎರಡೂ ತುದಿಗೆ ಸರಿಸಿ ನೋಡಿ. ಮಡಿಕೆಯಲ್ಲಿ ಸಣ್ಣ ತೂತಿದ್ದರೂ ಬೆಳಕು ಹೊರಗೆ ಇಣುಕುತ್ತದೆ. ಲೆನ್ಸು ಒಂದೇ ಸಮನೆ ತಿರುಗುತ್ತಿದೆಯಾ ಅಂತಲೂ ನೋಡಿ. ಹಳೇ ಗ್ರೀಸು ಗಟ್ಟಿಯಾಗಿ ತಡವರಿಸಿದರೆ ಚಿತ್ರದಲ್ಲಿ ಮೇಲಿಂದ ಕೆಳಗೆ ಪಟ್ಟೆ ಬೀಳುತ್ತದೆ.

ಅಷ್ಟೂರಿಗೆ ಬೆಳಗಿನ ಬಿಸಿಲಿನಲ್ಲೇ ಹೋದೆ. ಸಿಡಿಲು ಬಡಿದು ಸೀಳಿತು ಎನ್ನುವ, ಬಹಮನಿ ಸುಲ್ತಾನ ಹುಮಾಯೂನನ ಗುಮ್ಮಟ ನಡುವೆ ಬರುವಂತೆ ನಿಂತೆ. ಈ ಕ್ಯಾಮೆರಾದಲ್ಲಿ ನಡುವಿನದು ಉಬ್ಬಿ ಮುಂದೆ ಬರುತ್ತದೆ, ತುದಿಯವು ಕಿರಿದಾಗುತ್ತವೆ. ನೇರ ಗೋಡೆಯೂ ಬಿಲ್ಲಿನಂತೆ ಬಾಗುತ್ತದೆ. ಕ್ಯಾಮೆರಾ ಮಟ್ಟವಾಗಿದೆಯಾ ಎಂದು ತೋರಿಸುವ ಗುಳ್ಳೆ ನಡುವಿಗೆ ಬರದೆ ಸ್ಪ್ರಿಂಗ್ ಬಿಡಬಾರದು, ಇಲ್ಲದಿದ್ದರೆ ದಿಗಂತವೂ ಬಾಗುತ್ತದೆ. ಬೆರಳು ಮುಂದೆ ಬಂದರೆ ಫೋಟೋದಲ್ಲಿ ಬೆರಳೇ.

ಲೆನ್ಸು ತಿರುಗುವ ಹೊತ್ತಿಗೆ ಒಂದು ಬೈಕು ಅದೇ ದಿಕ್ಕಿನಲ್ಲಿ ಹೋಯಿತು. ಫೋಟೋದಲ್ಲಿ ಅದು ಉದ್ದಕ್ಕೆ ಎಳೆದುಕೊಂಡಿದೆ. ಎದುರಿನಿಂದ ಬಂದಿದ್ದರೆ ಗಿಡ್ಡವಾಗುತ್ತಿತ್ತು. ಎಡದ ಗುಮ್ಮಟ ಒಂದು ಗಳಿಗೆಯದ್ದು, ಬಲದ್ದು ಅದರ ಮುಂದಿನ ಗಳಿಗೆಯದ್ದು ಅಲ್ವಾ! ಈ ಕ್ಯಾಮೆರಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಅದೇ.

ನೆಗೆಟಿವ್ ದೊಡ್ಡದಾದ್ದರಿಂದ ಕಾಗದದ ಮೇಲೆ ನೇರ ಇಟ್ಟೇ ಪ್ರಿಂಟ್ ಹಾಕಬಹುದು. ಮುಂದಿನ ರೋಲು ಕಲಬುರಗಿಯ ಹಫ್ತ್ ಗುಂಬಜ್‌ಗೆ.